ಕಾಮಾಲೆಗೊಂದು ಕೊಳಾಯಿ ಕೆಲಸ

ಕಾಮಾಲೆ ಅಂದರೆ ನಮ್ಮಲ್ಲಿ ಮೊದಲು ನೆಲನೆಲ್ಲಿ ರಸ, ಆಮೇಲೆ ಪಥ್ಯ, ಕೆಲವು ಊರುಗಳಲ್ಲಿ ಕೈಗೆ ಬರೆ. ವೈರಸ್‌ನಿಂದ ಬಂದ ಕಾಮಾಲೆ ಬಹುಪಾಲು ತಾನೇ ಇಳಿಯುತ್ತದೆ. ಹೆಸರು ಮಾತ್ರ ಸೊಪ್ಪಿಗೆ. ಆದರೆ ಕಣ್ಣು ಹಳದಿಯಾಗಿ, ಮೂತ್ರ ಡಿಕಾಕ್ಷನ್‌ನಂತಾಗಿ, ಮೈಯೆಲ್ಲ ತುರಿಸಿ, ಮಲ ಬಿಳಿಚಿಕೊಂಡರೆ ಕತೆಯೇ ಬೇರೆ. ಮಲಕ್ಕೆ ಬಣ್ಣ ಕೊಡುವುದು ಪಿತ್ತರಸ. ಅದು ಕರುಳಿಗೆ ಇಳಿಯುತ್ತಿಲ್ಲ, ಹೆಚ್ಚಾಗಿ ನಾಳ ಕಟ್ಟಿದೆ ಎಂದರ್ಥ.

ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಅದು ಹರಿಯುವ ಮುಖ್ಯ ನಾಳದ ಅಗಲ ಸುಮಾರು 6 ಮಿಲಿಮೀಟರ್. ಪಿತ್ತಕೋಶದಿಂದ ಒಂದು ಕಲ್ಲು ಜಾರಿದರೆ, ಇಲ್ಲವೇ ಪಕ್ಕದ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಒತ್ತಿದರೆ ಮುಗಿಯಿತು.

ಬೀದರ್, ಕಲಬುರಗಿ, ರಾಯಚೂರಿನವರಿಗೆ ದೊಡ್ಡಾಸ್ಪತ್ರೆ ಅಂದರೆ ಎಷ್ಟೋ ಸಲ ಹೈದರಾಬಾದೇ. ಈ ಕಟ್ಟು ಬಿಡಿಸುವುದರಲ್ಲಿ ಅಲ್ಲಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಗೆ ದೇಶದಾಚೆಗೂ ಹೆಸರಿದೆ. ಅದನ್ನು ಕಟ್ಟಿದ ಡಾ. ಡಿ. ನಾಗೇಶ್ವರ ರೆಡ್ಡಿಯವರಿಗೆ 2025ರಲ್ಲಿ ಪದ್ಮವಿಭೂಷಣ ಬಂತು.

ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಈ ಕಟ್ಟು ಬಿಡಿಸುವ ಕೆಲಸದ ಹೆಸರು ಇಆರ್‌ಸಿಪಿ. 1968ರಲ್ಲಿ ಅಮೆರಿಕದಲ್ಲಿ ಶುರುವಾದಾಗ ಇದು ನಾಳದ ಚಿತ್ರ ತೆಗೆಯುವುದಕ್ಕಷ್ಟೇ ಇತ್ತು. 1974ರಲ್ಲಿ ಜರ್ಮನಿ, ಜಪಾನಿನ ವೈದ್ಯರು ನಾಳದ ಬಾಯಿ ಕೊಯ್ದು ಅಗಲ ಮಾಡಿದ ಮೇಲೆ ಚಿಕಿತ್ಸೆಯಾಯಿತು. ಈಗ ಬರೀ ನೋಡಲು ಯಾರೂ ಇದನ್ನು ಮಾಡಬಾರದು. ಅಲ್ಟ್ರಾಸೌಂಡ್, ಎಂಆರ್‌ಸಿಪಿ ಸ್ಕ್ಯಾನ್ ಇವೆ. ಇಆರ್‌ಸಿಪಿಯಿಂದ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಅದು ಸಣ್ಣ ತೊಂದರೆಯಲ್ಲ.

ಬಾಯಿಯಿಂದ ಇಳಿಸುವ ಈ ಕೊಳವೆಯ ಕಣ್ಣು ಮುಂದಕ್ಕಿಲ್ಲ, ಪಕ್ಕಕ್ಕಿದೆ. ಪಿತ್ತನಾಳ ತೆರೆದುಕೊಳ್ಳುವುದು ಸಣ್ಣಕರುಳಿನ ಪಕ್ಕದ ಗೋಡೆಯಲ್ಲಿ, ತೊಟ್ಟಿನಂಥ ಪುಟ್ಟ ಉಬ್ಬಿನಲ್ಲಿ. ನೇರ ನೋಡುವ ಕ್ಯಾಮೆರಾಕ್ಕೆ ಅದು ಸರಿಯಾಗಿ ಸಿಗುವುದಿಲ್ಲ. ಕೊಳವೆಯ ತುದಿಯಲ್ಲೊಂದು ಸನ್ನೆಕೋಲು. ಅದು ತೆಳು ತಂತಿಯನ್ನು ಮೇಲಕ್ಕೆತ್ತಿ ಆ ಬಾಯಿಗೆ ಗುರಿಯಿಡುತ್ತದೆ. ತಂತಿ ನುಗ್ಗಿತೆಂದರೆ ಡೈ ಬಿಡುತ್ತಾರೆ. ಎಕ್ಸ್‌ರೇ ಪರದೆಯ ಮೇಲೆ ನಾಳಗಳು ಎಲೆಯುದುರಿದ ಮರದಂತೆ ಮೂಡುತ್ತವೆ. ಕಲ್ಲಿರುವ ಕಡೆ ಮಾತ್ರ ಡೈ ತುಂಬದ ಖಾಲಿ ಜಾಗ. ಅದರ ಹಿಂದೆ ಪುಟಾಣಿ ಬಲೂನು ಉಬ್ಬಿಸಿ ಎಳೆದರೆ ಕಲ್ಲು ಕರುಳಿಗೆ ಬೀಳುತ್ತದೆ. ಗಡ್ಡೆಯಾದರೆ ನಾಳವನ್ನು ತೆರೆದಿಡುವ ಪುಟ್ಟ ಕೊಳವೆ, ಸ್ಟೆಂಟ್. ಕೆಳಗಿನಿಂದ ದಾರಿ ಸಿಗದಿದ್ದರೆ ಪಕ್ಕೆಯಿಂದ ಲಿವರ್‌ಗೆ ಸೂಜಿ ತೂರಿಸಿ ಪಿತ್ತವನ್ನು ಹೊರಗಿನ ಚೀಲಕ್ಕೆ ಹರಿಸುತ್ತಾರೆ.

ಪ್ಲಾಸ್ಟಿಕ್ ಸ್ಟೆಂಟ್ ಹಾಕಿಸಿಕೊಂಡವರು ಡಿಸ್ಚಾರ್ಜ್ ಚೀಟಿಯಲ್ಲಿರುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆದುಕೊಳ್ಳಿ. ಸಾಮಾನ್ಯವಾಗಿ ಮೂರು ತಿಂಗಳಿಗೆ ಅದನ್ನು ಬದಲಿಸಬೇಕು. ಅದಕ್ಕೂ ಮೊದಲೇ ನಡುಕದ ಜ್ವರ ಬಂದರೆ ತಾರೀಕು ಕಾಯಬೇಡಿ, ಅವತ್ತೇ ಹೊರಡಿ.