ಎಂಜಿನ್ ಕೆಲಸ ಆದ ಮೇಲೆ ಮೊದಲು ಎಣ್ಣೆ, ಆಮೇಲೆ ಸ್ಟಾರ್ಟ್

ಸಂಘದ ಸಾಲದಲ್ಲಿ ತೆಗೆದ ಹಳೇ ಓಮ್ನಿ ಹೊಗೆ ಉಗುಳತೊಡಗಿದರೆ ಎಂಜಿನ್ ಬಿಚ್ಚಿಸಿ ಹೊಸ ಬೇರಿಂಗ್, ರಿಂಗ್ ಹಾಕಿಸಬೇಕಾಗುತ್ತದೆ. ಖರ್ಚು ಸಣ್ಣದಲ್ಲ. ಆ ದುಡ್ಡೆಲ್ಲ ಮೊದಲ ಸಲ ಸ್ಟಾರ್ಟ್ ಮಾಡುವಾಗಲೇ ನೀರುಪಾಲಾಗಬಹುದು.

ಹೇಗೆ ಅಂತೀರಾ? ಓಡುವ ಎಂಜಿನ್‌ನಲ್ಲಿ ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ ಇರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ಕಾಯುವುದು ಅದೇ. ಬಿಚ್ಚಿ ತೊಳೆದ ಎಂಜಿನ್‌ನಲ್ಲಿ ಎಣ್ಣೆಯ ದಾರಿಗಳು ಖಾಲಿ, ಆಯಿಲ್ ಪಂಪೂ ಒಣ. ಮೇಲಿಂದ ಸುರಿದ ಆಯಿಲ್ ತಳಕ್ಕೆ ಇಳಿದು ಕೂರುತ್ತದೆ ಅಷ್ಟೇ. ಗಾಳಿ ಹಿಡಿದ ಬಾವಿ ಪಂಪಿಗೆ ನೀರು ಹೊಯ್ದು ಚಾಲೂ ಮಾಡುತ್ತೇವಲ್ಲ, ಇದೂ ಹಾಗೆಯೇ.

ಕೆಲಸ ಬಲ್ಲ ಮೆಕ್ಯಾನಿಕ್ ಜೋಡಿಸುವಾಗಲೇ ಬೇರಿಂಗ್‌ಗೆ ಎಣ್ಣೆ ಸವರಿ, ಪಂಪಿನೊಳಗೂ ತುಂಬಿರುತ್ತಾರೆ. ಆಮೇಲೆ ಆಯಿಲ್ ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲ್ ಬಾರದಂತೆ, ಕಿಡಿ ಹಾರದಂತೆ ಮಾಡಿ ಸೆಲ್ಫ್ ಹೊಡೆಯುತ್ತಾರೆ. ಪ್ಲಗ್ ಇಲ್ಲದಿದ್ದರೆ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಒಂದು ಸಲಕ್ಕೆ 10 ಸೆಕೆಂಡ್ ಸಾಕು. ನಡುವೆ ಬಿಡುವು ಕೊಡದಿದ್ದರೆ ಸೆಲ್ಫ್ ಮೋಟಾರ್ ಸುಟ್ಟೀತು.

ನೀವು ನೋಡಬೇಕಾದದ್ದು ಕೆಂಪು ಆಯಿಲ್ ದೀಪ. ಕೀಲಿ ತಿರುಗಿಸಿದಾಗ ಅದು ಉರಿಯಬೇಕು, ಇಲ್ಲವಾದರೆ ಬಲ್ಬೇ ಹೋಗಿದೆ ಎನ್ನಿ. ಸೆಲ್ಫ್ ಹೊಡೆಯುತ್ತಾ ಎಣ್ಣೆಯ ಒತ್ತಡ ಏರಿದಾಗ ದೀಪ ಆರಬೇಕು. ಆರಿದ ಮೇಲೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡುವುದು. ಆರದಿದ್ದರೆ, "ಓಡಿಸಿದರೆ ಸರಿಯಾಗ್ತದೆ ಅಕ್ಕ" ಅಂತ ಯಾರು ಹೇಳಿದರೂ ಒಪ್ಪಬೇಡಿ. ಪಂಪನ್ನು ಮತ್ತೆ ನೋಡಿಸಿ. ಸ್ಟಾರ್ಟ್ ಮಾಡಿ ನಿಲ್ಲಿಸಿದ ಮೇಲೆ ಅಳತೆ ಕಡ್ಡಿ ಎಳೆದು ನೋಡಿ. ಫಿಲ್ಟರ್ ತುಂಬಿಕೊಂಡಿದ್ದರಿಂದ ಆಯಿಲ್ ಇಳಿದಿರುತ್ತದೆ, ಕಡಿಮೆ ಬಿದ್ದಷ್ಟು ಹಾಕಿಸಿ.