ಮೇದೋಜೀರಕದ ಉರಿಯೂತ ಮತ್ತು ಶ್ವಾಸಕೋಶ

ಹೊಟ್ಟೆಯಲ್ಲಿ ಆರಂಭವಾದ ರೋಗವು ಉಸಿರಾಟಕ್ಕೂ ಅಪಾಯ ತರಬಲ್ಲದು. ಪಿತ್ತಕೋಶದ ಕಲ್ಲು ಅಥವಾ ಅತಿಯಾದ ಮದ್ಯಪಾನದಿಂದ ಮೇದೋಜೀರಕ ಗ್ರಂಥಿಯಲ್ಲಿ ತೀವ್ರ ಉರಿಯೂತ ಉಂಟಾದಾಗ, ಅದರ ಜೀರ್ಣಕಿಣ್ವಗಳು ಆ ಗ್ರಂಥಿಯನ್ನೇ ಹಾನಿಗೊಳಿಸುತ್ತವೆ. ಅಲ್ಲಿಂದ ಹೊರಟ ರಾಸಾಯನಿಕ ವಸ್ತುಗಳು ರಕ್ತದೊಡನೆ ಶ್ವಾಸಕೋಶವನ್ನು ತಲುಪುತ್ತವೆ. ಅಲ್ಲಿರುವ ಮ್ಯಾಕ್ರೊಫೇಜ್ ಎಂಬ ರಕ್ಷಕ ಜೀವಕೋಶಗಳು ಪ್ರಚೋದನೆಗೊಂಡು, ನ್ಯೂಟ್ರೊಫಿಲ್ ಎಂಬ ಬಿಳಿಯ ರಕ್ತಕಣಗಳನ್ನು ತಮ್ಮತ್ತ ಸೆಳೆಯುತ್ತವೆ. ರೋಗಾಣುಗಳ ನಾಶಕ್ಕೆಂದು ಈ ಕಣಗಳಲ್ಲಿರುವ ಕಿಣ್ವಗಳೇ ಸೂಕ್ಷ್ಮ ರಕ್ತನಾಳಗಳ ಗೋಡೆಯನ್ನು ಘಾಸಿಗೊಳಿಸುತ್ತವೆ. ಆಗ ದ್ರವವು ಗಾಳಿಚೀಲಗಳಿಗೆ ಸೋರಿ, ರಕ್ತಕ್ಕೆ ಸಾಕಷ್ಟು ಆಮ್ಲಜನಕ ದೊರೆಯದೆ ಹೋಗುತ್ತದೆ. ರೋಗದ ಮೊದಲ ವಾರದಲ್ಲಿಯೇ ಹೀಗಾಗಬಹುದು. ಸಕಾಲದಲ್ಲಿ ಆಮ್ಲಜನಕ ನೀಡಿದರೆ ಜೀವ ಉಳಿಯುವ ಸಂಭವ ಹೆಚ್ಚು. ಆದುದರಿಂದ ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹರಡುವ ತೀವ್ರ ನೋವು, ವಾಂತಿ, ಏದುಸಿರು ಕಂಡುಬಂದೊಡನೆ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸುವುದು ಅತ್ಯಗತ್ಯ.