ಚಿತ್ರಕಥೆಗೆ ಮೊದಲು ಒಂದು ವಾಕ್ಯ

ಚಲಚ್ಚಿತ್ರಕ್ಕಾಗಿ ಕಥೆಯನ್ನು ಬರೆಯಬೇಕೆಂಬ ಹಂಬಲವು ಇಂದು ಅನೇಕ ತರುಣ ತರುಣಿಯರಲ್ಲಿ ಕಂಡುಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರಲ್ಲಿ ಬಹುಮಂದಿ ಲೇಖನಿಯನ್ನು ಹಿಡಿದೊಡನೆಯೇ ಮೊದಲನೆಯ ದೃಶ್ಯವನ್ನು ಬರೆಯತೊಡಗುವರು. ನಲವತ್ತು ಐವತ್ತು ಪುಟಗಳಾದ ಮೇಲೆ ಮುಂದೇನೆಂಬುದು ತೋರದು. ಕಾಗದದ ಕಟ್ಟು ಪೆಟ್ಟಿಗೆಯನ್ನು ಸೇರುವುದು. ಹಲವು ತಿಂಗಳ ಶ್ರಮವೂ ಬರೆಯುವ ಉತ್ಸಾಹವೂ ಅದರೊಡನೆಯೇ ಮುಗಿದುಹೋಗುವುವು.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯವೊಂದುಂಟು. ಚಿತ್ರಕಥೆಗೆ ತೊಡಗುವ ಮೊದಲು ಇಡೀ ಕಥೆಯನ್ನು ಒಂದೇ ವಾಕ್ಯದಲ್ಲಿ, ಹೆಚ್ಚೆಂದರೆ ಎರಡರಲ್ಲಿ, ಬರೆದುಕೊಳ್ಳುವುದು. ಚಿತ್ರೋದ್ಯಮದವರು ಇದನ್ನು ‘ಲಾಗ್‌ಲೈನ್’ ಎನ್ನುತ್ತಾರೆ. ನಾವು ಕಥೆಯ ಎಳೆ ಎನ್ನೋಣ. ಈ ಎಳೆಯು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡತಕ್ಕುದು. ಕಥೆ ಯಾರದು? ಅವರಿಗೆ ಬೇಕಾದುದೇನು? ಅದಕ್ಕೆ ಅಡ್ಡಿ ಯಾವುದು? ಅದು ದೊರೆಯದಿದ್ದರೆ ಆಗುವ ಹಾನಿಯೇನು?

ಶ್ರೀ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿ ಶ್ರೀ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ತಬರನ ಕಥೆ’ಯನ್ನು ವಾಚಕರು ನೋಡಿರಬಹುದು. 1986ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ಅದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಅದರ ಎಳೆಯನ್ನು ನಾವೇ ಬರೆದು ನೋಡೋಣ.

“ನಿವೃತ್ತನಾದ ಬಡ ನೌಕರನೊಬ್ಬನ ಕಷ್ಟಗಳು” ಎಂದರೆ ಏನನ್ನೂ ಹೇಳಿದಂತಾಗಲಿಲ್ಲ, ಕಷ್ಟವು ಯಾರಿಗಿಲ್ಲ? “ನಿವೃತ್ತನಾದ ಬಡ ನೌಕರನೊಬ್ಬನು ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುತ್ತಾನೆ” ಎಂದರೆ ಅವನಿಗೆ ಬೇಕಾದುದೂ ಇರುವ ಅಡ್ಡಿಯೂ ತಿಳಿದುವು. ಆದರೂ ನಮ್ಮ ಮನಸ್ಸು ಕದಲದು. ಇಂದು ಬಾರದ ಹಣ ನಾಳೆ ಬಂದೀತು ಎಂದುಕೊಳ್ಳುತ್ತೇವೆ. ಇನ್ನೊಮ್ಮೆ ಬರೆಯೋಣ: “ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿರಲು, ಅವಳ ಚಿಕಿತ್ಸೆಗೆ ಬೇಕಾದ ಪಿಂಚಣಿಗಾಗಿ ಬಡ ನಿವೃತ್ತ ನೌಕರನೊಬ್ಬನು ಕಚೇರಿಗಳಿಗೆ ಅಲೆಯುತ್ತಾನೆ.” ಈಗ ಒಂದೊಂದು ದಿನಕ್ಕೂ ಬೆಲೆ ಬಂದಿತು. “ನಾಳೆ ಬಾ” ಎಂಬ ಸಾಮಾನ್ಯ ಮಾತೂ ಎದೆಯನ್ನು ನಡುಗಿಸುವುದು. ಮುಂದೆ ಬರೆಯಬೇಕಾದ ದೃಶ್ಯಗಳು ತಾವಾಗಿಯೇ ಕಣ್ಣೆದುರಿಗೆ ಬರುವುವು: ಒಂದು ಕಡೆ ಕಚೇರಿಯ ಮೇಜು, ಇನ್ನೊಂದು ಕಡೆ ರೋಗಿಯ ಹಾಸಿಗೆ.

1948ರಲ್ಲಿ ಡಿ ಸಿಕಾ ಎಂಬ ಇಟಲಿಯ ನಿರ್ದೇಶಕನು ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರದಲ್ಲಿಯೂ ಹೀಗೆಯೇ. ಬೈಸಿಕಲ್ಲು ಕಳುವಾಗುವುದು ಸಣ್ಣ ಸಂಗತಿ. ಆದರೆ ಬಹುಕಾಲ ನಿರುದ್ಯೋಗಿಯಾಗಿದ್ದವನಿಗೆ ದೊರೆತ ಕೆಲಸವು ಆ ಬೈಸಿಕಲ್ಲಿಲ್ಲದೆ ಉಳಿಯದೆಂದು ತಿಳಿದಾಗ, ಸಂಸಾರದ ಅನ್ನವೇ ಕಳುವಾದಂತಾಯಿತು.

ಎಳೆಯಲ್ಲಿ ಪಾತ್ರದ ಹೆಸರಿಗಿಂತ ಅದರ ಸ್ಥಿತಿಯನ್ನು ಹೇಳುವುದು ಲೇಸು. ಕಥೆಯ ಕೊನೆಯನ್ನು ಮಾತ್ರ ಹೇಳಲಾಗದು. ಬರೆದಾದ ಮೇಲೆ, ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರಿಗೆ ಅದನ್ನು ಓದಿ ಹೇಳಿರಿ. “ಆಮೇಲೆ ಏನಾಯಿತು?” ಎಂದು ಅವರು ಕೇಳಿದರೆ ಮರುದಿನವೇ ಚಿತ್ರಕಥೆಯನ್ನು ಆರಂಭಿಸಬಹುದು. ಸುಮ್ಮನೆ ತಲೆದೂಗಿದರೆ, ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರವಿಲ್ಲವೆಂದು ಹುಡುಕಿರಿ. ನೂರು ಪುಟಗಳಾದ ಮೇಲೆ ತಿಳಿಯುವ ದೋಷವು ಒಂದೇ ವಾಕ್ಯದಲ್ಲಿ ತಿಳಿದರೆ ಅದಕ್ಕಿಂತ ಲಾಭವೇನಿದೆ?